ಎರಡು ಕೆಂಪು ನಿಲುವಂಗಿ

ಬಟ್ಟೆ ಸುತ್ತಿದ ಉರುಳೆ ಬಿಚ್ಚುವ ದಿನ ಆ ಮನೆಯಲ್ಲಿ ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ. ತಿಂಗಳುಗಟ್ಟಲೆ ಬಗ್ಗಿ ಕೂತು ಹೊಲಿದ ಬಟ್ಟೆಯನ್ನು ಹೊಲಿದವರೇ ಇಡಿಯಾಗಿ ನೋಡುವುದು ಅವತ್ತೇ ಮೊದಲು. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಎಲ್ಲರೂ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಿರುತ್ತಾರೆ. ಆ ಶುಕ್ರವಾರವಂತೂ ಗುಬ್ಬಿ ತಟ್ಟೆಯನ್ನು ಹಾಗೇ ಮುಚ್ಚಿಟ್ಟು, ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು.

“ನೆಲ ಸವೆದು ಹೋದೀತು ಕಣೇ,” ಎಂದರು ಅತ್ತಿಗೆ. ಅವರದೂ ತಟ್ಟೆ ತುಂಬಿಯೇ ಇತ್ತು.

ಗುಬ್ಬಿ ಅಂದರೆ ಆ ಮನೆಯ ಯಜಮಾನನ ತಂಗಿ. ನಲವತ್ತು ದಾಟಿದರೂ ಚಿಕ್ಕಂದಿನಲ್ಲಿ ಕುಪ್ಪಳಿಸಿ ನಡೆಯುತ್ತಿದ್ದುದಕ್ಕೆ ಬಿದ್ದ ಹೆಸರು ಹೋಗಿರಲಿಲ್ಲ. ಅಣ್ಣ ಮರಗೆಲಸದವನು. ಅತ್ತಿಗೆ ಮದುವೆಯಾಗಿ ಬರುವಾಗ ಸೂಜಿಡಬ್ಬಿಯೊಂದನ್ನು ಹಿಡಿದು ಬಂದರು, ನೋಡನೋಡುತ್ತ ಆ ಮನೆಯೇ ಕಸೂತಿ ಮನೆಯಾಯಿತು. ಅವರು ಹೊಲಿದ ಮುಖಗಳು ಉಸಿರಾಡುತ್ತವೆ ಎಂದು ಜನ ಹೇಳುತ್ತಿದ್ದರು. ಅತ್ತಿಗೆ ಮುಖ ಹೊಲಿದರೆ ಗುಬ್ಬಿ ಮುಗಿಲು ಹೊಲಿಯುವುದು, ಅತ್ತಿಗೆ ಕೈ ಹೊಲಿದರೆ ಗುಬ್ಬಿ ಎಲೆ, ಹುಲ್ಲು, ಅಂಚು ಹೊಲಿಯುವುದು. ಹಾಗೇ ವರ್ಷಗಳು ಕಳೆದಿದ್ದವು. ಈ ಸಲ ಮಾತ್ರ, ಹೊಸ ಚರ್ಚಿನ ಕೆಲಸ ಬಂದಾಗ, ಗುಬ್ಬಿ ಬಾಯಿ ಬಿಟ್ಟು ಕೇಳಿದ್ದಳು: ಅರ್ಧ ಬಟ್ಟೆ ನನಗಿರಲಿ. ನಕ್ಷೆಯೂ ನನ್ನದೇ, ಮುಖವೂ ನನ್ನದೇ.

ಅತ್ತಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದರು: “ಆಗ್ಲಿ. ಅದು ಚರ್ಚಲ್ಲಿ ನೇತಾಡಿದ್ರೆ ಇನ್ಮೇಲೆ ಮುಖ ನೀನೂ ಹೊಲಿ. ನೇತಾಡ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಮುಗಿಲಿಗೆ ವಾಪಸ್. ಸರಿನಾ?”

ಸರಿ ಎಂದಿದ್ದಳು ಗುಬ್ಬಿ.

ಕೆಲಸ ಹೇಳಿದವರು ಚರ್ಚಿನ ಪಾದ್ರಿಗಳು. ದೇವರ ತೀರ್ಪಿನ ದಿನವನ್ನು ತೋರಿಸುವ, ಎರಡಾಳೆತ್ತರದ ಬಟ್ಟೆ. ಮೇಲಿನ ಅರ್ಧದಲ್ಲಿ ಬೈಬಲಿನ ಹೀಬ್ರೂ ಪ್ರವಾದಿಯೊಬ್ಬ ಕಂಡದ್ದು: ದೂರದಿಂದ ಒಬ್ಬನೇ ನಡೆದು ಬರುತ್ತಿರುವವನು, ದ್ರಾಕ್ಷಿ ತೊಟ್ಟಿಯಲ್ಲಿ ರಸಕ್ಕಾಗಿ ಹಣ್ಣು ತುಳಿದವನ ಹಾಗೆ ಕೆಂಪಾದ ಅವನ ಬಟ್ಟೆ. ಕೆಳಗಿನ ಅರ್ಧದಲ್ಲಿ, ನೂರಾರು ವರ್ಷಗಳಾದ ಮೇಲೆ, ಕ್ರಿಸ್ತನ ಹೆಸರು ಹೇಳಿದ್ದಕ್ಕೆ ದ್ವೀಪಕ್ಕೆ ತಳ್ಳಲ್ಪಟ್ಟ ಒಬ್ಬ ಭಕ್ತ ಕಂಡು ಬೈಬಲಿನ ಕೊನೆಯ ಪುಸ್ತಕದಲ್ಲಿ ಬರೆದದ್ದು: ಬಿಳಿ ಕುದುರೆ, ಅದರ ಮೇಲೆ ರಕ್ತದಲ್ಲಿ ಅದ್ದಿದ ನಿಲುವಂಗಿಯ ಸವಾರ, ಹಿಂದೆ ಬಿಳಿ ನಾರುಬಟ್ಟೆ ತೊಟ್ಟ ಸೈನ್ಯ. ನಡುವೆ ಜರಿಯ ದ್ರಾಕ್ಷಿ ಬಳ್ಳಿ. ಮೇಲಿನ ಅರ್ಧ ಅತ್ತಿಗೆಯದು, ಕೆಳಗಿನದು ಗುಬ್ಬಿಯದು. “ಎರಡು ತುಂಡು ಹೊಲಿದು ಜೋಡಿಸ್ಬೇಡಿ. ಪುಸ್ತಕ ಎರಡು, ಬಟ್ಟೆ ಒಂದೇ ಇರ್ಲಿ,” ಎಂದಿದ್ದರು ಪಾದ್ರಿಗಳು. ಚರ್ಚಿನ ಬಲಿಪೀಠದ ಹಿಂದಿನ ಗೋಡೆಗೆ ಅದನ್ನು ಇಳಿಬಿಡುವುದೆಂದು ಮಾತಾಗಿತ್ತು.

ಆ ಮನೆಯ ಕೆಲಸದ ಕ್ರಮ ಹೀಗೆ: ಉದ್ದದ ಚೌಕಟ್ಟು, ಎರಡು ತುದಿಗೆ ಎರಡು ಉರುಳೆ. ಒಬ್ಬರು ಈ ತುದಿಗೆ, ಇನ್ನೊಬ್ಬರು ಆ ತುದಿಗೆ, ಎದುರುಬದುರು ಕೂತು ಹೊಲಿಯುವುದು. ಹೊಲಿದಷ್ಟನ್ನು ತಮ್ಮ ತಮ್ಮ ಉರುಳೆಗೆ ಸುತ್ತುತ್ತ ನಡುವಿಗೆ ಬರುವುದು. ಒಬ್ಬರ ತುದಿಯನ್ನು ಇನ್ನೊಬ್ಬರು ಇಣುಕುವ ಹಾಗಿಲ್ಲ. ಇಣುಕಿದರೆ ನಿನ್ನ ಕೈ ಅವರದಾಗುತ್ತೆ ಎನ್ನುವುದು ಅತ್ತಿಗೆಯ ಕಟ್ಟಪ್ಪಣೆ. ಮುಖಗಳು ಮುಗಿದು ಅವೂ ಉರುಳೆಯೊಳಗೆ ಸೇರಿದ ಮೇಲೆ, ನಡುವಿನ ಬಳ್ಳಿಯನ್ನು ಇಬ್ಬರೂ ಪಕ್ಕಪಕ್ಕ ಕೂತು ಜರಿಯಲ್ಲಿ ಕೂರಿಸಿದ್ದರು.

ಬಣ್ಣದಜ್ಜ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ರೇಷ್ಮೆಗೆ ಆ ಕೆಂಪನ್ನು ಹಾಕಿಕೊಟ್ಟವರು ಅವರೇ. ಅವರು ಯೆಹೂದಿ ಮನೆತನದವರು, ಪ್ರವಾದಿಗಳ ಮಾತನ್ನು ಹೀಬ್ರೂವಿನಲ್ಲೇ ಓದುವವರು. “ಹೊತ್ತು ಮುಳುಗೋದ್ರೊಳಗೆ ನಾನು ಮನೇಲಿರ್ಬೇಕು ತಾಯಿ, ಇವತ್ತು ಸಂಜೆಗೆ ನಮ್ಮ ಸಬ್ಬತ್, ಬಿಡುವಿನ ದಿನ, ಶುರುವಾಗುತ್ತೆ. ಬೇಗ ಬಿಚ್ಚಿ,” ಎಂದರು.

“ಇನ್ನೂ ಬೆಳಗಿನ ಹೊತ್ತು, ಅಜ್ಜ!” ಎಂದರು ಅತ್ತಿಗೆ.

“ನಿಮ್ಮಿಬ್ಬರ ಜಗಳ ಮುಗಿಯೋಕೆ ಸಾಯಂಕಾಲ ಆಗಲ್ವೇ?”

ಪಾದ್ರಿಗಳು ಸೈಕಲ್ ಒರಗಿಸಿ, ಏದುಸಿರು ಬಿಡುತ್ತ ಒಳಗೆ ಬಂದರು. ಅಣ್ಣ ಚೌಕಟ್ಟಿನ ಬೆಣೆಗಳನ್ನು ಬಡಿದು ಸಡಿಲಿಸಿದ. ಅತ್ತಿಗೆ ಕಣ್ಣು ಮುಚ್ಚಿ ಒಂದು ಸಣ್ಣ ಪ್ರಾರ್ಥನೆ ಹೇಳಿದರು. ಅಣ್ಣ ಈ ಉರುಳೆ ತಿರುಗಿಸಿದ, ಗುಬ್ಬಿ ಆ ಉರುಳೆ ತಿರುಗಿಸಿದಳು. ಬಳ್ಳಿಯ ಎರಡೂ ಮಗ್ಗುಲಿಂದ ಬಟ್ಟೆ ಮೆಲ್ಲಗೆ ಬಿಚ್ಚಿಕೊಂಡಿತು. ಅತ್ತಿಗೆ ಹೊಲಿದ ಪುರುಷನ ತಲೆ ಕಂಡಿತು. ಗುಬ್ಬಿಯ ಸವಾರನ ತಲೆ ಕಂಡಿತು. ಆಮೇಲೆ ಭುಜ, ಎದೆ, ಕೆಂಪು, ಮತ್ತೂ ಕೆಂಪು, ಕುದುರೆಯ ಕಾಲು, ಪುರುಷನ ಪಾದ.

ಎಲ್ಲರೂ ಚೌಕಟ್ಟಿನ ಮೇಲೆ ಬಗ್ಗಿದರು.

ಕೊನೆಗೆ ಅಣ್ಣನೇ ತಲೆ ಕೆರೆದುಕೊಂಡ. “ಇವ್ರಿಬ್ರೂ ಯಾಕೆ ಡಿಕ್ಕಿ ಹೊಡ್ಕೊಳ್ಳೋಕೆ ಹೊರಟಂಗಿದ್ದಾರೆ?”

ನಿಜ. ತಲೆಗೆ ತಲೆ ಕೊಟ್ಟು ಮಲಗಿದ್ದರು ಇಬ್ಬರೂ. ಬಳ್ಳಿಯ ಆಚೆ ಒಂದು ತಲೆ, ಈಚೆ ಒಂದು ತಲೆ, ಪಾದಗಳು ಎರಡು ಕೊನೆಗೆ. ಗೋಡೆಗೆ ಹೇಗೆ ತೂಗಿದರೂ ಇಬ್ಬರಲ್ಲೊಬ್ಬ ತಲೆಕೆಳಗು!

ಹೀಗಾದದ್ದು ಹೇಗೆಂದು ಬೇರೆ ಯಾರಿಗೂ ಹೊಳೆಯದಿದ್ದರೂ ಆ ಮನೆಯವರಿಗೆ ಹೊಳೆಯದೆ ಇರಲಿಲ್ಲ. ಅವರು ಹೆಚ್ಚಾಗಿ ಮಾಡುತ್ತಿದ್ದುದು ಮೇಜುಹಾಸು. ಮೇಜಿನ ಎರಡು ಕಡೆಗೂ ಇಳಿಬೀಳುವ ಉದ್ದನೆಯ ಹಾಸು. ಅದರಲ್ಲಿ ಚಿತ್ರಗಳ ತಲೆ ನಡುವಿಗೇ ಇರಬೇಕು, ಆಗಲೇ ಎರಡೂ ಕಡೆ ನೆಟ್ಟಗೆ ಕಾಣುವುದು. ಮಡಿಲ ಕಡೆಗೆ ಪಾದ, ನಡುವಿಗೆ ತಲೆ: ವರ್ಷಗಳಿಂದ ಕೈಗೆ ಹತ್ತಿದ ರೂಢಿ. ಪಾದ್ರಿಗಳು ಇಬ್ಬರ ನಕ್ಷೆಯನ್ನೂ ನೋಡಿ ಒಪ್ಪಿದ್ದರು ನಿಜ, ಆದರೆ ಬೇರೆ ಬೇರೆ ಕಾಗದದ ಮೇಲೆ ಇಬ್ಬರೂ ನೆಟ್ಟಗೇ ನಿಂತಿದ್ದರು.

ಗುಬ್ಬಿ ಮನಸ್ಸಿನಲ್ಲೇ ಬಟ್ಟೆಯನ್ನು ಗೋಡೆಗೆ ತೂಗಿ ನೋಡಿದಳು. ಕೆಳಗಿನ ಅರ್ಧಕ್ಕೆ ತಲೆ ನಡುವಿಗಿರುವುದೇ ಸರಿ. ಮೇಲಿನ ಅರ್ಧಕ್ಕೆ ಪಾದ ನಡುವಿಗಿರಬೇಕಿತ್ತು. ಅಂದರೆ ತಪ್ಪಿದ ಕೈ ತನ್ನದಲ್ಲ. ಹೇಳುವುದೆ? ಯಾರಿಗೆ? ನಾಲಿಗೆ ಕಚ್ಚಿಕೊಂಡಳು.

“ಕತ್ತರಿಸಿ ತಿರುಗಿಸಿ ಹೊಲಿದ್ರೆ?” ಎಂದರು ಪಾದ್ರಿಗಳು, ಮೆತ್ತಗೆ.

“ಜರಿ ಎಳೆ ಬಟ್ಟೆಯೊಳಗೆ ಹೋಗಿಲ್ಲ ಫಾದರ್, ಮೇಲೆ ಮಲಗಿಸಿ ಅಲ್ಲಲ್ಲಿ ಹಿಡಿದಿರೋದು,” ಎಂದರು ಅತ್ತಿಗೆ. “ಬಳ್ಳೀಗೆ ಕತ್ತರಿ ತಾಗಿದ್ರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತೆ. ಬಳ್ಳಿ ಬಿಟ್ಟು ಕತ್ತರಿಸಿದ್ರೆ, ತಲೆ ಬಳ್ಳಿಗೆ ಅಂಟಿಕೊಂಡೇ ಇದೆಯಲ್ಲ, ಆ ಕಡೆಯವನ ತಲೆ ಹೋಗುತ್ತೆ. ಇಬ್ಬರಲ್ಲಿ ಒಬ್ಬ ಉಳೀತಾನೆ.”

ಒಬ್ಬ. ಗುಬ್ಬಿ ತನ್ನ ಸವಾರನ ಕಡೆ ನೋಡಿದಳು.

ಅತ್ತಿಗೆ ಎದ್ದು ಚೌಕಟ್ಟನ್ನು ಸುತ್ತಿ ಗುಬ್ಬಿಯ ತುದಿಗೆ ಬಂದು, ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಕೆನ್ನೆಯ ನೆರಳು, ಹುಬ್ಬು, ಕುದುರೆಯ ಮೂಗಿನ ಹೊಳ್ಳೆ, ಎಲ್ಲವನ್ನೂ ಬೆರಳು ತಾಗಿಸದೆ ಸವರಿದರು. ಆಮೇಲೆ ಸಿಕ್ಕಿತು ಅವರಿಗೆ ಬೇಕಾದ್ದು.

“ಇದೇನೇ ಇದು? ನಿನ್ನ ಸವಾರ ಈಗಿನ್ನೂ ಯುದ್ಧಕ್ಕೆ ಹೊರಟಿದ್ದಾನೆ. ಕತ್ತಿ ಬೀಸಿಲ್ಲ, ತೊಟ್ಟಿಗೆ ಇಳಿದಿಲ್ಲ. ಆಗ್ಲೇ ಮೈಯೆಲ್ಲಾ ಕೆಂಪಾ? ಮದುವೆಗೆ ಮುಂಚೆ ಬಾಣಂತನಾನಾ?”

ಅಣ್ಣ ನಗು ತಡೆಯಲಾರದೆ ಕೆಮ್ಮಿದ.

“ನನ್ನವನನ್ನ ನೋಡು,” ಅತ್ತಿಗೆ ತಮ್ಮ ತುದಿಗೆ ಕೈ ತೋರಿಸಿದರು. “ದ್ರಾಕ್ಷಿ ತುಳಿಯೋರ ಹತ್ರ ಹೋಗಿ ಕೂತು ನೋಡಿ ಬಂದು ಹೊಲಿದದ್ದು. ಅಂಚಲ್ಲಿ ದಟ್ಟ, ಮೊಣಕಾಲಿಗೆ ತೆಳು, ಎದೆಗೆ ಬರೀ ಹನಿ. ರಸ ಕೆಳಗಿಂದ ಮೇಲಕ್ಕೆ ಸಿಡಿಯುತ್ತೆ ಕಣೇ. ನಿಂದು ಎದೆಯಿಂದ ಅಂಚಿಗೆ ಒಂದೇ ಸಮ! ಹೊರಡೋನಿಗೆ ಬಿಳೀದು ಉಡಿಸ್ಬೇಕಿತ್ತು.”

ಗುಬ್ಬಿಗೆ ಮತ್ತೆ ಮುಗಿಲೇ ಕಣ್ಣ ಮುಂದೆ ಬಂತು. ನೀಲಿ, ಬೂದು, ಮತ್ತೆ ನೀಲಿ, ಸಾಯುವ ತನಕ. ಆದರೆ ಒಳಗಿಂದ ಇನ್ನೇನೋ ತಳ್ಳಿತು. “ಅದ್ದಿದ್ದು ಅಂತಿದೆ ಅತ್ತಿಗೆ. ಸಿಡಿದದ್ದು ಅಂತಿಲ್ಲ. ಹೊರಡುವಾಗ್ಲೇ ಅದ್ದಿದೆ. ನಾನು ಓದಿದ್ದನ್ನೇ ಹೊಲಿದೆ. ಯಾಕೆ ಅಂತ ನಂಗೂ ಗೊತ್ತಿಲ್ಲ.”

“ಫಾದರ್, ಏನಿದೆ ಅಲ್ಲಿ?” ಅತ್ತಿಗೆ ತಿರುಗಿದರು.

ಪಾದ್ರಿಗಳು ಆಗಲೇ ಚೀಲದಿಂದ ಪುಸ್ತಕ ತೆಗೆದು ಹಾಳೆ ಮಗುಚುತ್ತಿದ್ದರು. ಓದಿದರು. ಇನ್ನೊಮ್ಮೆ ಓದಿದರು. ಅವರ ಕಿವಿ ಕೆಂಪಾಯಿತು. “ಹೌದು. ಸ್ವರ್ಗ ತೆರೆಯಿತು, ಕುದುರೆ ಬಂತು, ನಿಲುವಂಗಿ ಆಗ್ಲೇ ಅದ್ದಿದೆ. ಯುದ್ಧ ಆಮೇಲೆ.”

“ಹಾಗಾದ್ರೆ ಯಾರ ರಕ್ತ?”

“ಇದಕ್ಕೆ ನಮ್ಮ ಹಿರಿಯರೆಲ್ಲ ಬಡಿದಾಡಿದ್ದಾರಮ್ಮ. ಪ್ರವಾದಿ ಹೇಳಿದ ಹಾಗೆ ಶತ್ರುಗಳದ್ದೇ ಅಂತ ಕೆಲವರು. ಅಲ್ಲ, ಶಿಲುಬೆ ಮೇಲೆ ಸುರಿದ ಅವನ ಸ್ವಂತ ರಕ್ತ ಅಂತ ಕೆಲವರು. ತೀರ್ಪು ಹೇಳೋಕೆ ಬರೋನು ತಾನೇ ಗಾಯಗೊಂಡು ಬಂದಿದ್ದಾನೆ ಅಂತ. ನನ್ನನ್ನ ಕೇಳಿದ್ರೆ...” ಪಾದ್ರಿಗಳು ಸವಾರನ ಎದೆಯ ಕಡೆ ಬೆರಳು ತೋರಿಸಿದರು.

ಬಣ್ಣದಜ್ಜ ಕೋಲು ಕುಟ್ಟುತ್ತ ಅತ್ತಿಗೆಯ ತುದಿಗೆ ಹೋಗಿ ನಿಂತರು. “ಅಜ್ಜ, ನಿಮ್ಮ ಹಳೇ ಒಡಂಬಡಿಕೆಯ ಈ ಮನುಷ್ಯ ಇದ್ದಾನಲ್ಲ...” ಎಂದು ಅಣ್ಣ ಶುರುಮಾಡಿದ್ದೇ ತಡ, ಅಜ್ಜ ತಿರುಗಿದರು.

“ಹಳೇದು ಅನ್ಬೇಡ ಮಾರಾಯ, ನಮಗಿರೋದು ಅದೊಂದೇ!” ನಕ್ಕರು, ಆಮೇಲೆ ಧ್ವನಿ ಇಳಿಸಿದರು. “ನಮ್ಮ ಜನ ಎಲ್ಲರ ಕಾಲಡೀಲೂ ತುಳಿಸಿಕೊಂಡ ಕಾಲ ಅದು. ಅಂಥೋರಿಗೆ ಪ್ರವಾದಿ ಹೇಳಿದ ಮಾತು. ಈ ಕೆಂಪು ಬಟ್ಟೆಯೋನು ಸುತ್ತ ನೋಡಿದ. ನೆರವಿಗೆ ಯಾರೂ ಇರ್ಲಿಲ್ಲ. ಅದಕ್ಕೇ ತಾನೇ ತೊಟ್ಟಿಗೆ ಇಳಿದ. ತುಳಿಸಿಕೊಂಡೋರ ಪರವಾಗಿ ತುಳಿಯೋಕೆ. ನಮಗೆ ಆ ಕಲೆ ದಬ್ಬಾಳಿಕೆ ಮಾಡಿದೋರ ರಕ್ತದ್ದೇ. ನಿಮ್ಮ ಸವಾರನ ವಿಷಯ ನೀವು ನೋಡ್ಕೊಳ್ಳಿ. ಆದ್ರೆ ಒಬ್ಬನೇ ಇಳಿದ ಅನ್ನೋದನ್ನ ಮರೀಬೇಡಿ. ನಮ್ಮಲ್ಲಿ ಅದೇ ಮುಖ್ಯ.”

“ಒಬ್ಬನೇ,” ಎಂದರು ಅತ್ತಿಗೆ, ತಮಗೆ ತಾವೇ. ತಾವು ಹೊಲಿದ ಪುರುಷನ ಸುತ್ತ ಅವರು ಬೇರೇನನ್ನೂ ಹೊಲಿದಿರಲಿಲ್ಲ. ಬರಿಯ ಬಯಲು. ಅವರ ಕಣ್ಣು ನಿಧಾನವಾಗಿ ಬಟ್ಟೆಯುದ್ದಕ್ಕೂ ಸರಿದು, ಬಳ್ಳಿ ದಾಟಿ, ಗುಬ್ಬಿಯ ತುದಿಯ ಸೈನ್ಯದ ಮೇಲೆ ನಿಂತಿತು. ಸಾಲು ಸಾಲು ಬಿಳಿ.

“ಗುಬ್ಬಿ! ಈ ಸೈನ್ಯದೋರ ಮೇಲೆ ಒಂದು ಹನಿಯೂ ಇಲ್ಲ. ಮರೆತೆಯೋ, ಬೇಕಂತಲೋ?”

“ಬಿಳಿ, ಶುಭ್ರ ಅಂತಿದೆ ಅತ್ತಿಗೆ. ಕತ್ತಿ ಹಿಡಿದಿದ್ದಾರೆ ಅಂತಲೂ ಇಲ್ಲ. ಅದಕ್ಕೇ ಕೈ ಖಾಲಿ ಬಿಟ್ಟೆ.”

“ಮತ್ತೆ ತೊಟ್ಟಿ ತುಳಿಯೋರು ಯಾರು? ಫಾದರ್, ಮುಂದೆ ಓದಿ, ಮುಂದೆ!”

ಪಾದ್ರಿಗಳ ಬೆರಳು ಹಾಳೆಯ ಮೇಲೆ ಓಡಿತು. “ದೇವರ ಕೋಪದ ದ್ರಾಕ್ಷಿ ತೊಟ್ಟಿಯನ್ನ... ಅವನೇ ತುಳೀತಾನೆ. ಅವನು ಅಂತ ಒತ್ತಿ ಹೇಳಿದೆ.”

“ಅಯ್ಯೋ ದೇವರೇ!” ಅತ್ತಿಗೆ ಎದೆಗೆ ಕೈಯಿಟ್ಟುಕೊಂಡರು. “ಬೆನ್ನ ಹಿಂದೆ ಇಡೀ ಸೈನ್ಯ ಇದ್ರೂ ತೊಟ್ಟಿಗೆ ಇಳಿಯೋನು ಇವನೊಬ್ಬನೇ! ಅಜ್ಜ, ನಿಮ್ಮವನೇ! ನಿಮ್ಮಲ್ಲಿ ಯಾರೂ ಬರಲಿಲ್ಲ, ಒಬ್ಬನೇ. ಇಲ್ಲಿ ಎಲ್ಲರೂ ಬಂದಿದ್ದಾರೆ, ಆದ್ರೂ ಒಬ್ಬನೇ. ಯಾರ ಬಟ್ಟೆಗೂ ಕಲೆ ಹತ್ತಬಾರದು ಅಂತ!”

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಜ್ಜ ತಮ್ಮ ಸಾಲನ್ನು ಹೀಬ್ರೂವಿನಲ್ಲಿ ಹಾಡಿನ ಹಾಗೆ ಹೇಳಿದರು, ಪಾದ್ರಿಗಳು ಅದರ ಮೇಲೆ ತಮ್ಮ ಸಾಲು ಓದಿದರು. ತೊಟ್ಟಿಗೆ ತೊಟ್ಟಿ ಸಿಕ್ಕಿತು, ಕೆಂಪಿಗೆ ಕೆಂಪು ಸಿಕ್ಕಿತು. ದ್ವೀಪದ ಭಕ್ತ ಆ ಪ್ರವಾದಿಯನ್ನು ಓದಿಯೇ ಬೆಳೆದವನಲ್ಲವೆ, ಕಣ್ಣು ಮುಚ್ಚಿದರೆ ಅವನಿಗೆ ಬೇರೇನು ಕಂಡೀತು ಎಂದರು ಪಾದ್ರಿಗಳು. ಚಿಕ್ಕಂದಿನಿಂದ ತೀರ್ಪು ಎಂದರೆ ಗುಬ್ಬಿಗೆ ಎತ್ತರದಲ್ಲಿ ಕೂತು ಕೈ ತೋರಿಸುವ ಯಾರೋ ಒಬ್ಬ. ಈಗ ನೋಡಿದರೆ ಎರಡು ಪುಸ್ತಕದಲ್ಲೂ ಅವನು ಕೂತೇ ಇಲ್ಲ! ಕಾಲು ತೊಯ್ಯಿಸಿಕೊಂಡಿದ್ದಾನೆ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿತು.

“ಸರಿ,” ಎಂದರು ಅತ್ತಿಗೆ, ಸೆರಗಿನಿಂದ ಮೂಗು ಒರೆಸಿ. “ನಿನ್ನ ಕೆಂಪು ಸರಿಯಾಗಿದೆ. ನಿನ್ನ ತಲೇನೂ ಸರಿಯಾಗಿದೆ. ಕೆಳಗಿನೋನಿಗೆ ತಲೆ ನಡುವಿಗೇ ಇರ್ಬೇಕು. ಮೇಲಿನೋನನ್ನ ಮೇಜುಹಾಸು ಮಾಡಿದೋಳು ನಾನು. ಬಿಚ್ಚಿದ ತಕ್ಷಣ ಗೊತ್ತಾಯ್ತು, ನಿಂಗೂ ಗೊತ್ತಾಯ್ತು, ಬಾಯಿ ಬಿಡ್ಲಿಲ್ಲ ನೀನು, ಕಳ್ಳಿ. ರೀ, ಕತ್ತರಿ ಕೊಡಿ. ನನ್ನ ಕಡೆ ಹಾಕ್ತೀನಿ.”

“ಅತ್ತಿಗೆ!”

“ಏನು ಅತ್ತಿಗೆ? ನಾನು ಬೇಕಾದಷ್ಟು ಮುಖ ಹೊಲಿದಿದ್ದೀನಿ. ನಿಂದು ನೇತಾಡ್ಲಿ.”

ಗುಬ್ಬಿ ಬಯಸಿದ್ದು ಇದನ್ನೇ ಅಲ್ಲವೆ? ಕೈಗೆ ಬಂದಿತ್ತು, ಮುಷ್ಟಿ ಮುಚ್ಚಿದರೆ ಆಯಿತು. ಅವಳು ಅತ್ತಿಗೆ ಹೊಲಿದ ಪುರುಷನ ಮುಖ ನೋಡಿದಳು. ಅದು ನಿಜಕ್ಕೂ ಉಸಿರಾಡುತ್ತಿತ್ತು. ಯಾರೋ ಅವನನ್ನು ಆಗತಾನೆ ಕೂಗಿ, ಯಾಕಪ್ಪ ನಿನ್ನ ಬಟ್ಟೆ ಕೆಂಪು ಎಂದು ಕೇಳಿದ ಹಾಗೆ ತುಸು ತಿರುಗಿತ್ತು.

“ಬೇಡ,” ಎಂದಳು. “ಪ್ರಶ್ನೆ ಇರೋದು ನಿಮ್ಮ ಕಡೆ. ಅದನ್ನ ಕತ್ತರಿಸಿ ಎಸೆದ್ರೆ ನನ್ನ ಸವಾರ ಯಾಕೆ ಕೆಂಪು ಅಂತ ಯಾರು ಕೇಳ್ತಾರೆ? ಎರಡೂ ಚರ್ಚಿಗೆ ಹೋಗದಿದ್ರೆ ನಂದೂ ಹೋಗೋದು ಬೇಡ. ನಾನು ಮುಗಿಲೇ ಹೊಲೀತೀನಿ.”

“ಹಟ ಮಾಡ್ಬೇಡ ಕಣೇ. ನಾಡಿದ್ದು ಪೂಜೆ. ಬರೀ ಗೋಡೆ ತೋರಿಸ್ಲಾ ಜನಕ್ಕೆ? ರೀ, ಎತ್ತಿ ಇದನ್ನ, ಕತ್ತರಿಸೋ ಮೇಜಿಗೆ ಹಾಕಿ.”

ಹೆಂಡತಿ ಎತ್ತು ಎಂದರೆ ಎತ್ತುವವನು ಅಣ್ಣ. ಬಟ್ಟೆಯನ್ನು ನಡುವಿಗೆ ಹಿಡಿದು ಎರಡು ತೋಳಿನ ಮೇಲೆ ಎತ್ತಿಕೊಂಡ. ಆದರೆ ಕತ್ತರಿಸುವ ಮೇಜಿನ ತುಂಬ ರೇಷ್ಮೆ ಲಡಿಗಳು, ಪಾದ್ರಿಗಳ ಚೀಲ, ಯಾರೂ ಉಣ್ಣದ ತಟ್ಟೆಗಳು. ಎಲ್ಲಿಡಲಿ ಎಂದು ತೋಳು ಚಾಚಿ ನಿಂತೇ ಬಿಟ್ಟ. ನೆಲಕ್ಕೆ ತಾಗಬಾರದೆಂದು ಸ್ಟೂಲು ಹತ್ತಿದ. ಬಳ್ಳಿ ಅವನ ತೋಳಿನ ಮೇಲೆ, ಅರ್ಧ ಬಟ್ಟೆ ಮುಂದೆ, ಅರ್ಧ ಬಟ್ಟೆ ಅವನ ಎದೆಗೆ.

“ಬೇಗ ಜಾಗ ಮಾಡ್ರೋ, ಕೈ ನೋಯ್ತಿದೆ!”

ಜಾಗ ಮಾಡಲು ಯಾರೂ ಓಡಲಿಲ್ಲ. ಮುಂದೆ ನಿಂತಿದ್ದ ಬಣ್ಣದಜ್ಜ ತಲೆ ಎತ್ತಿ ಹೇಳಿದರು: “ನನಗೆ ನೆಟ್ಟಗೆ ಕಾಣ್ತಿದ್ದಾನಲ್ಲ.”

ಅಣ್ಣನ ಬೆನ್ನ ಕಡೆಯಿಂದ ಪಾದ್ರಿಗಳು ಅವನ ಕಂಕುಳಲ್ಲಿ ಇಣುಕಿದರು. “ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ. ಅರೆ! ನನಗೂ ನೆಟ್ಟಗೇ ಕಾಣ್ತಿದ್ದಾನೆ!”

“ನಿಮಗೆ ಯಾರು?” ಎಂದರು ಅಜ್ಜ.

“ಸವಾರ! ನಿಮಗೆ?”

“ತುಳಿದು ಬಂದೋನು!”

ಗುಬ್ಬಿ ಕೂಗಿಯೇಬಿಟ್ಟಳು. “ಅತ್ತಿಗೆ, ಮೇಜುಹಾಸು! ಗೋಡೆಗೆ ಯಾಕೆ ಹಾಕ್ಬೇಕು? ಮೇಜಿಗೆ ಹಾಕಿದ ಹಾಗೆ ಹಾಕಿದ್ರೆ ಇಬ್ಬರೂ ನೆಟ್ಟಗೆ! ಅಣ್ಣ, ಚರ್ಚಲ್ಲಿ ಪೀಠದ ಮುಂದೆ ಅಡ್ಡಕ್ಕೆ ನೀನೇ ಒಂದು ತೊಲೆ ಕೂರಿಸಿದ್ಯಲ್ಲ?”

“ಕೂರಿಸಿದ್ದೀನಿ. ನನ್ನನ್ನ ಮೊದಲು ಇಳಿಸ್ರೇ!”

“ಆ ತೊಲೆ ಮೇಲೆ ಬಳ್ಳಿ! ಬರುವಾಗ ಈ ಕಡೆಯೋನು ಕಾಣ್ತಾನೆ, ಪೀಠದಿಂದ ವಾಪಸ್ ಹೋಗುವಾಗ ಆ ಕಡೆಯೋನು. ಹಿಂಬದಿಯ ದಾರದ ಗಂಟೆಲ್ಲ ಮಡಿಕೆ ಒಳಗೆ!”

ಅತ್ತಿಗೆ ಪಾದ್ರಿಗಳ ಮುಖ ನೋಡಿದರು. ಪಾದ್ರಿಗಳು ಅಣ್ಣನನ್ನು ಸುತ್ತಿ ಅಜ್ಜ ನಿಂತಲ್ಲಿಗೆ ಬಂದರು, ಅಜ್ಜ ಅವರು ನಿಂತಿದ್ದಲ್ಲಿಗೆ ಹೋದರು, ಮತ್ತೆ ಜಾಗ ಬದಲಾಯಿಸಿದರು. ಇಬ್ಬರು ಹಿರಿಯರು ಕಂಬದಾಟ ಆಡುವ ಮಕ್ಕಳ ಹಾಗೆ ಅಣ್ಣನ ಸುತ್ತ ತಿರುಗುತ್ತಿದ್ದರೆ ಅಣ್ಣ ಕಂಬವಾಗಿ ಬೆವರುತ್ತಿದ್ದ. ಕೊನೆಗೆ ಪಾದ್ರಿಗಳು, “ಸೈಕಲ್ ಇಲ್ಲೇ ಇರ್ಲಿ. ಗಾಡಿ ಕರೆಸಿ, ಈಗ್ಲೇ ಹೋಗೋಣ,” ಎಂದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಚರ್ಚಿನಲ್ಲಿದ್ದರು. ಹೊಸ ಸುಣ್ಣದ ವಾಸನೆ, ಇನ್ನೂ ಜೋಡಿಸದ ಬೆಂಚುಗಳು. ಅಣ್ಣ ಏಣಿ ಹತ್ತಿ ಬಟ್ಟೆಯನ್ನು ತೊಲೆಯ ಮೇಲೆ ಹಾಯಿಸಿದ. ಬಾಗಿಲ ಕಡೆಯ ಅಂಚನ್ನು ಅತ್ತಿಗೆ ಹಿಡಿದರು, ಪೀಠದ ಕಡೆಯ ಅಂಚನ್ನು ಗುಬ್ಬಿ. ಈಗ ನಡುವೆ ಬಟ್ಟೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಗುಬ್ಬಿ ತುಸು ಎಳೆದಳು, ಅವಳ ಸವಾರ ಸರ್ರನೆ ಕೆಳಗಿಳಿದ.

“ಏಯ್! ನನ್ನವನು ಮೇಲೆ ಹೋಗ್ತಿದ್ದಾನೆ! ಎಳೀಬೇಡ್ವೇ!” ಆಚೆಯಿಂದ ಅತ್ತಿಗೆ. ಅವರು ಎಳೆದರು. ಕುದುರೆಯ ಕಾಲು ಗುಬ್ಬಿಯ ಹಿಡಿತ ತಪ್ಪಿಸಿ ಮೇಲೇರಿತು.

“ನೀವೇ ಎಳೀತಿದ್ದೀರಿ ಅತ್ತಿಗೆ!”

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು,” ಎಂದ ಅಣ್ಣ ಮೇಲಿಂದ. “ಬಳ್ಳಿ ತೊಲೆ ನಡುವಿಗೆ ಬರ್ಲಿ. ಇಬ್ಬರೂ ಸುಮ್ನೆ ಹಿಡ್ಕೊಳ್ಳಿ. ಎಳೀಬೇಡಿ, ಬರೀ ಹಿಡ್ಕೊಳ್ಳಿ.”

ಹಿಡಿದುಕೊಂಡರು. ಬಟ್ಟೆಯ ಮೂಲಕ ಆಚೆಯ ಕೈಯ ಭಾರ ಗುಬ್ಬಿಯ ಕೈಗೆ ತಿಳಿಯುತ್ತಿತ್ತು. ಅತ್ತಿಗೆ ಉಸಿರೆಳೆದುಕೊಂಡರೆ ಇಲ್ಲಿ ನಿಲುವಂಗಿ ಒಂದು ಕೂದಲೆಳೆಯಷ್ಟು ಏರುತ್ತಿತ್ತು, ಇವಳು ಬಿಟ್ಟರೆ ಇಳಿಯುತ್ತಿತ್ತು. ಅಜ್ಜ ತೊಲೆಯ ನೇರ ಕೆಳಗೆ, ಬಟ್ಟೆಯ ಪಕ್ಕಕ್ಕೆ ನಿಂತು ಎರಡೂ ಮಗ್ಗುಲಿಗೆ ಒಮ್ಮೊಮ್ಮೆ ಕತ್ತು ಹೊರಳಿಸುತ್ತಿದ್ದರು.

“ಆ ಕಡೆ ಒಂಚೂರು. ಈ ಕಡೆ ಬಿಡಮ್ಮ. ಇನ್ನೊಂಚೂರು...” ಅವರು ಕೋಲೆತ್ತಿದರು. “ಹಾಂ. ಎರಡೂ ಕಡೆ ಪಾದ ಒಂದೇ ಮಟ್ಟಕ್ಕಿದೆ.”

ಅಣ್ಣ ಮೊಳೆಗೆ ಪೆಟ್ಟು ಹಾಕಿದ. ಪಾದ್ರಿಗಳು ಬಾಗಿಲ ಬಳಿಗೆ ಹೋಗಿ, ಅಲ್ಲಿಂದ ತಾವೇ ಪ್ರಾರ್ಥನೆಗೆ ಬರುವವರ ಹಾಗೆ ನಡೆದು ಬಂದು, ಬಟ್ಟೆಯ ಪಕ್ಕದಿಂದ ತೊಲೆಯ ಕೆಳಗೆ ಹಾದು, ಪೀಠ ಮುಟ್ಟಿ ತಿರುಗಿದರು. ಅಲ್ಲೇ ಮೊಣಕಾಲೂರಿದರು.

ಗುಬ್ಬಿಗೆ ಕೈ ಬಿಡಲು ಧೈರ್ಯವಿರಲಿಲ್ಲ. ಅಂಚು ಹಿಡಿದೇ ನಿಂತಿದ್ದಳು. ಆಚೆಯಿಂದ ಅತ್ತಿಗೆಯ ಧ್ವನಿ, ಈಗ ಮೆಲ್ಲಗೆ:

“ಗುಬ್ಬಿ, ಬಿಟ್ಟೆಯಾ?”

“ಇಲ್ಲ. ನೀವು?”

“ನಾನೂ ಇಲ್ಲ. ಬಿಡೋಣ್ವಾ?”

“ಹೂಂ.”

ಬಿಟ್ಟರು. ಬಟ್ಟೆ ಒಮ್ಮೆ ಮೆಲ್ಲಗೆ ತೂಗಿ ನಿಂತಿತು. ಅತ್ತಿಗೆ ಬಟ್ಟೆಯ ಪಕ್ಕದಿಂದ ಹಾದು ಈಚೆಗೆ ಬಂದು, ಸವಾರನ ಮುಖದ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತು, ಬಹಳ ಹೊತ್ತು ನೋಡಿದರು.

“ಕುದುರೆ ಕಿವಿ ಸ್ವಲ್ಪ ದಪ್ಪ ಆಯ್ತು,” ಎಂದರು. “ಇರ್ಲಿ. ಸೋಮವಾರದಿಂದ ಮುಂದಿನ ಮೇಜುಹಾಸು, ಅದರ ಮೂರು ಅರಸರ ಮುಖ ನೀನು ಶುರುಮಾಡು. ಮುಗಿಲು ನಾನು ಹೊಲೀತೀನಿ.”